ಫಲಕದ ಮೇಲಿನ ಇಸವಿ

ನಾನು ಕೆಲಸ ಮಾಡುವ ಹೋಟೆಲಿನ ಅಟ್ಟಕ್ಕೆ ಎರಡನೆಯ ಮೆಟ್ಟಿಲು ಕೂರಿಸಬೇಕೆಂದು ಅಗ್ನಿಸುರಕ್ಷತೆಯ ಪರಿಶೀಲನೆಯಲ್ಲಿ ಸೂಚನೆ ಬಂದಾಗ, ಅದರಿಂದ ಒಂದು ಮನೆತನದ ಕಥೆಯೇ ತಿದ್ದುಪಡಿಯಾದೀತೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಹೋಟೆಲು ಇರುವುದು ಜರ್ಮನಿಯ ಬವೇರಿಯಾ ರಾಜ್ಯದ ರೋಥೆನ್‌ಬುರ್ಗ್‌ನಲ್ಲಿ. ಟೌಬರ್ ನದಿಯ ಕಣಿವೆಯ ಮೇಲೆ ಎತ್ತರದಲ್ಲಿ ಕೂತಿರುವ, ಸುತ್ತಲಿನ ಕೋಟೆಗೋಡೆ ಇಂದಿಗೂ ನಿಂತಿರುವ ಮಧ್ಯಯುಗದ ಊರು ಅದು. ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸದ ತರಬೇತಿಗೆಂದು ಬಂದ ನಾನು ಈ ಮನೆಯ ಸ್ವಾಗತ ಮೇಜಿನ ಹಿಂದೆ ನಿಂತು ಒಂಬತ್ತು ವರ್ಷವಾಯಿತು. ಇಲ್ಲಿ ಹೋಟೆಲೆಂದರೆ ನಮ್ಮೂರಿನವರು ಹೇಳುವ ಊಟ ತಿಂಡಿಯ ಹೋಟೆಲಲ್ಲ. ಕೆಳಗೆ ಊಟದ ಕೋಣೆ, ಮೇಲೆ ತಂಗುವವರ ಇಪ್ಪತ್ತೆರಡು ಕೋಣೆ, ಹಿಂದೆ ಅಂಗಳ, ಅಂಗಳದಾಚೆ ಯಜಮಾನರ ಸ್ವಂತ ವಾಸ. ಈಗ ನಡೆಸುತ್ತಿರುವ ಯಜಮಾನತಿ ಐದನೆಯ ತಲೆಮಾರಿನವರು. ಅವರ ತಾಯಿಗೆ ಎಂಬತ್ತೆಂಟು ದಾಟಿದೆ. ಕೆಲಸದವರೆಲ್ಲ ಅವರನ್ನು ‘ಓಮಾ’ ಎಂದೇ ಕರೆಯುತ್ತೇವೆ, ಅಂದರೆ ಅಜ್ಜಿ.

“ಅಟ್ಟವನ್ನು ಹೇಗೂ ಬಿಚ್ಚುತ್ತಾರೆ. ಈ ಸಲ ಮನೆಯ ಚರಿತ್ರೆಯನ್ನೂ ಸರಿಯಾಗಿ ಬರೆದಿಡೋಣ. ನೀವು ಮಾಡುತ್ತೀರಾ?” ಎಂದು ಯಜಮಾನತಿ ಒಂದು ಸಂಜೆ ಕೇಳಿದರು. ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು. ಈ ಮನೆಗೆ ಎಷ್ಟು ವರ್ಷವಾಯಿತೆಂದು ಬಂದವರಲ್ಲಿ ಅರ್ಧ ಜನ ನನ್ನ ಮೇಜಿನ ಮುಂದೆಯೇ ಕೇಳುತ್ತಾರೆ, ನಾನು ಬಾಗಿಲಿನ ಮೇಲೆ ತೂಗುವ ಕಬ್ಬಿಣದ ಫಲಕವನ್ನು ತೋರಿಸುತ್ತಿದ್ದೆ. ಹದಿನೈದನೆಯ ಶತಮಾನದ ಆರಂಭದ ಒಂದು ಇಸವಿ ಅದರಲ್ಲಿ ಚಿನ್ನದ ಬಣ್ಣದಲ್ಲಿದೆ. ಪ್ರತಿ ಕೋಣೆಯ ಕಡತದಲ್ಲೂ ಇಡುತ್ತಿದ್ದ ಒಂದು ಪುಟದ ಪರಿಚಯವೂ ಅದೇ ಇಸವಿಯಿಂದ ಆರಂಭವಾಗಿ, ಹದಿನೇಳನೆಯ ಶತಮಾನದ ಮೂವತ್ತು ವರ್ಷಗಳ ಯುದ್ಧವನ್ನು ಒಂದು ಸಾಲಿನಲ್ಲಿ ದಾಟಿ, ಮನೆಯನ್ನು ಕೊಂಡು ಹೋಟೆಲು ಕಟ್ಟಿದ ಬೇಕರಿಯವರೊಬ್ಬರನ್ನು ಸ್ಥಾಪಕರೆಂದು ಹೊಗಳಿ, ಅಲ್ಲಿಂದ ನೇರವಾಗಿ 1945ರ ಬಾಂಬಿಗೆ ಬಂದು ನಿಲ್ಲುತ್ತಿತ್ತು. ಆ ಪುಟದ ಒಂದೊಂದು ಮಾತಿಗೂ ಆಧಾರ ಹುಡುಕುವುದಷ್ಟೇ ನನ್ನ ಕೆಲಸವೆಂದು ನಾನು ಭಾವಿಸಿದೆ. ಆರು ತಿಂಗಳಲ್ಲಿ ಮುಗಿಯುತ್ತದೆಂದುಕೊಂಡದ್ದು ಎರಡು ವರ್ಷ ಹಿಡಿಯಿತು.

ಊರಿನ ಹಿನ್ನೆಲೆಯನ್ನು ಹೇಳದೆ ಮನೆಯ ವಿಷಯ ತಿಳಿಯುವುದಿಲ್ಲವಾದ್ದರಿಂದ ಅದನ್ನು ಮೊದಲು ಹೇಳುತ್ತೇನೆ. 1274ರಲ್ಲಿ ಹಾಬ್ಸ್‌ಬುರ್ಗ್ ವಂಶದ ರಾಜ ರುಡಾಲ್ಫ್ ಈ ಊರಿಗೆ ಸ್ವತಂತ್ರ ನಗರದ ಸ್ಥಾನ ಕೊಟ್ಟನು. ಮುಂದಿನ ಐನೂರು ವರ್ಷಗಳಿಗೂ ಹೆಚ್ಚು ಕಾಲ ಊರು ಚಕ್ರವರ್ತಿಯೊಬ್ಬನಿಗೆ ಬಿಟ್ಟು ಬೇರೆ ಯಾವ ಸಂಸ್ಥಾನಕ್ಕೂ ತಲೆಬಾಗದೆ, ತನ್ನ ಸುತ್ತಲಿನ ಹಳ್ಳಿಗಳನ್ನೂ ತಾನೇ ಆಳಿತು. ಮೂವತ್ತು ವರ್ಷಗಳ ಯುದ್ಧದ ನಡುವೆ, 1631ರಲ್ಲಿ, ಕ್ಯಾಥೊಲಿಕ್ ಪಕ್ಷದ ಸೇನಾಪತಿ ಟಿಲ್ಲಿಯ ಪಡೆ ಊರನ್ನು ಹಿಡಿಯಿತು, ಮೂರು ವರ್ಷದ ಮೇಲೆ ಪ್ಲೇಗ್ ಬಂತು, ಆಮೇಲೆ ಊರು ಮತ್ತೆ ಮೇಲೇಳಲೇ ಇಲ್ಲ. 1802ರಲ್ಲಿ ಬವೇರಿಯಾಕ್ಕೆ ಸೇರಿದಾಗ ಇದು ಒಂದು ಮೂಲೆಯ ಬಡ ಪಟ್ಟಣವಾಗಿತ್ತು. ಹಳೆಯ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವ ದುಡ್ಡು ಯಾರಲ್ಲೂ ಇರಲಿಲ್ಲ, ಹಾಗಾಗಿ ಹಳೆಯದು ಉಳಿಯಿತು. ಆ ಉಳಿದದ್ದನ್ನು ಮೊದಲು ಕಂಡು ಬೆರಗಾದವರು ಚಿತ್ರಕಾರರು. 1873ರಲ್ಲಿ ಸ್ಟೈನಾಖ್‌ನಿಂದ ಒಂದು ಕವಲು ರೈಲು ಮಾರ್ಗ ಬಂದ ಮೇಲೆ ಪ್ರವಾಸಿಗಳೂ ಬರತೊಡಗಿದರು. 1881ರಲ್ಲಿ ಟಿಲ್ಲಿಯ ಮುತ್ತಿಗೆಯನ್ನು ಕುರಿತ ನಾಟಕವನ್ನು ಊರಿನವರೇ ಆಡಿದರು. ಮಾಜಿ ನಗರಾಧ್ಯಕ್ಷನೊಬ್ಬ ಮೂರೂಕಾಲು ಲೀಟರ್ ವೈನನ್ನು ಒಂದೇ ಉಸಿರಿಗೆ ಕುಡಿದು ಊರನ್ನು ಉಳಿಸಿದನೆಂಬ ಐತಿಹ್ಯ ಆ ನಾಟಕದಿಂದಲೇ ಜಗತ್ತಿಗೆಲ್ಲ ಹರಡಿತು. ಇಂದಿಗೂ ಅದನ್ನು ಆಡುತ್ತಾರೆ. 1898ರಲ್ಲಿ ಹಳೆಯ ಊರನ್ನು ಕಾಪಾಡಲೆಂದೇ ಒಂದು ಸಂಘ ಹುಟ್ಟಿತು. ನಮ್ಮ ಹೋಟೆಲಿನ ಕಾಗದಪತ್ರಗಳು ದಪ್ಪವಾಗುತ್ತ ಹೋಗುವುದು ಈ ಇಪ್ಪತ್ತೈದು ವರ್ಷಗಳಲ್ಲಿಯೇ.

ಕೆಲಸ ಆರಂಭವಾದದ್ದು ಅಟ್ಟದಿಂದ. ಸಂರಕ್ಷಿತ ಕಟ್ಟಡದಲ್ಲಿ ದೊಡ್ಡ ಬದಲಾವಣೆ ಮಾಡುವ ಮುಂಚೆ ಅದರ ಯಾವ ಭಾಗ ಯಾವ ಕಾಲದ್ದೆಂದು ಪರಿಶೀಲಿಸಬೇಕಾಗುತ್ತದೆ. ಅದಕ್ಕಾಗಿ ಬಂದ ತಜ್ಞರು ಮರದ ಉಂಗುರಗಳನ್ನು ಎಣಿಸಿ ಕಾಲ ಹೇಳುವವರು. ಅವರ ಬಳಿ ಒಳಗೆ ಟೊಳ್ಳಿರುವ ಒಂದು ಬೈರಿಗೆ ಇತ್ತು. ಛಾವಣಿಯ ಒಂದು ತೊಲೆಯ ಅಂಚಿನಲ್ಲಿ, ಹಿಂದಿನ ಕಾಲದ ಬಡಗಿ ಕೊಡಲಿಯಿಂದ ಚೌಕ ಮಾಡುವಾಗ ತೊಗಟೆಯ ಒಂದು ಪಟ್ಟಿ ಹಾಗೆಯೇ ಉಳಿದಿದ್ದ ಜಾಗವನ್ನು ಹುಡುಕಿ, ಅಲ್ಲಿಂದ ತೊಲೆಯ ತಿರುಳಿನ ಕಡೆಗೆ ಬೈರಿಗೆಯನ್ನು ಇಳಿಸಿದರು. ಬೈರಿಗೆ ಬಿಸಿಯಾದಂತೆ ಅಟ್ಟದ ತುಂಬ ರಾಳದ ವಾಸನೆ ಹಬ್ಬಿತು. ಆ ಮರದ ಉಸಿರು ಇಷ್ಟು ಕಾಲದ ಮೇಲೂ ಒಳಗೇ ಉಳಿದಿತ್ತೆಂಬುದು ನನಗೆ ನಂಬಲಾಗಲಿಲ್ಲ. ಹೊರಬಂದದ್ದು ಪೆನ್ಸಿಲಿನಷ್ಟು ದಪ್ಪದ, ಗೇಣುದ್ದದ ಒಂದು ಕಡ್ಡಿ. ಅದನ್ನು ಅಂಗೈಯಲ್ಲಿಟ್ಟು, ಒದ್ದೆ ಬೆರಳಿನಿಂದ ಒರೆಸಿ, ಗೆರೆಗಳನ್ನು ತೋರಿಸಿದರು. ಮಳೆ ಚೆನ್ನಾಗಿ ಆದ ವರ್ಷದ ಗೆರೆ ಅಗಲ, ಬರದ ವರ್ಷದ್ದು ಕೂದಲಿನಷ್ಟು ಸಣ್ಣ. ಅಗಲ ಕಿರಿದಿನ ಈ ಸಾಲು ಒಂದು ಸೀಮೆಯ ಒಂದೇ ಜಾತಿಯ ಮರಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ, ಕಾಲ ಗೊತ್ತಿರುವ ಮರಗಳ ಸಾಲಿನ ಪಕ್ಕದಲ್ಲಿಟ್ಟು ಸರಿಸುತ್ತ ಹೋದರೆ ಎಲ್ಲಿ ಹೊಂದುತ್ತದೆಂಬುದು ತಿಳಿಯುತ್ತದೆ. ದಕ್ಷಿಣ ಜರ್ಮನಿಯ ಓಕ್ ಮರಗಳ ಇಂಥ ಸಾಲನ್ನು ಹತ್ತು ಸಾವಿರ ವರ್ಷಕ್ಕೂ ಹಿಂದಕ್ಕೆ ಕೂಡಿಸಿಟ್ಟಿದ್ದಾರೆ. ತೊಗಟೆಯ ಕೆಳಗಿನ ಕೊನೆಯ ಗೆರೆ ಪೂರ್ತಿ ಬೆಳೆದಿದ್ದರೆ ಮರವನ್ನು ಚಳಿಗಾಲದಲ್ಲಿ ಕಡಿದದ್ದು ಎಂದರ್ಥ. ಆಗೆಲ್ಲ ಮರವನ್ನು ಹಸಿಯಿರುವಾಗಲೇ ಕೆತ್ತಿ ಏರಿಸುತ್ತಿದ್ದರಾದ್ದರಿಂದ, ಕಡಿದ ವರ್ಷವೇ ಬಹುಮಟ್ಟಿಗೆ ಕಟ್ಟಿದ ವರ್ಷವೂ ಹೌದು.

ಏಳು ಕಡ್ಡಿ ತೆಗೆದರು, ತೆಗೆದ ತೂತುಗಳಿಗೆಲ್ಲ ಮರದ ಬೆಣೆ ಜಡಿದರು. ಎರಡರಲ್ಲಿ ಉಂಗುರಗಳು ಸಾಲಲಿಲ್ಲ. ಉಳಿದ ಐದರ ಉತ್ತರ ಕೆಲವು ವಾರಗಳ ಮೇಲೆ ಪತ್ರದಲ್ಲಿ ಬಂತು: ಮುಂಭಾಗದ ಛಾವಣಿಯ ಮರಗಳನ್ನು ಕಡಿದದ್ದು ಹದಿನಾರನೆಯ ಶತಮಾನದ ಮಧ್ಯದಲ್ಲಿ. ಫಲಕದ ಇಸವಿಗೂ ಅದಕ್ಕೂ ನೂರೈವತ್ತು ವರ್ಷದ ಅಂತರ. ನೆಲಮಾಳಿಗೆಯ ಕಲ್ಲಿನ ಕಮಾನು ಇನ್ನೂ ಹಳೆಯದಿರಬಹುದೆಂದು ಯಜಮಾನತಿಯ ಮಗ ವಾದಿಸಿದರು; ಇರಬಹುದು, ಆದರೆ ಕಲ್ಲಿಗೆ ಉಂಗುರವಿಲ್ಲ. ಹಿಂಭಾಗದ ಛಾವಣಿಯನ್ನು ಪರೀಕ್ಷಿಸುವ ಅಗತ್ಯವೇ ಬೀಳಲಿಲ್ಲ. ಗರಗಸ ಯಂತ್ರದ ಸಮನಾದ ಗೀರುಗಳೂ ಕಾರ್ಖಾನೆಯ ಮೊಳೆಗಳೂ ಅಲ್ಲಿ ಬರಿಗಣ್ಣಿಗೇ ಕಾಣುತ್ತಿದ್ದವು.

ಹಾಗಾದರೆ ಫಲಕದ ಇಸವಿ ಎಲ್ಲಿಂದ ಬಂತು? ಇದಕ್ಕೆ ಉತ್ತರ ಊರಿನ ಪತ್ರಾಗಾರದಲ್ಲಿರಬೇಕೆಂದು ಅಲ್ಲಿಗೆ ಹೋದೆ. ಹಳೆಯ ತೆರಿಗೆ ಪುಸ್ತಕಗಳು, ಕ್ರಯಪತ್ರಗಳು, ವಿವಾಹದ ಕರಾರುಗಳು ಇವೆ, ಆದರೆ ಅವುಗಳಲ್ಲಿ ಮನೆಯನ್ನು ಗುರುತಿಸುವುದು ಇಂದಿನ ಬೀದಿ ಮತ್ತು ನಂಬರಿನಿಂದಲ್ಲ. ಹಳೆಯ ಮನೆ ನಂಬರನ್ನು ಮೊದಲು ಹಿಡಿಯಬೇಕು, ಅದಕ್ಕೂ ಹಿಂದಕ್ಕೆ ಹೋದರೆ ನಂಬರೂ ಇಲ್ಲ. ‘ಒಂದು ಕಡೆ ಕಮ್ಮಾರನ ಮನೆ, ಇನ್ನೊಂದು ಕಡೆ ಚರ್ಮ ಹದ ಮಾಡುವವನ ಮನೆ’ ಎಂಬ ಚಕ್ಕುಬಂದಿಯಿಂದಲೇ ಜಾಗವನ್ನು ಗೊತ್ತುಮಾಡಿಕೊಳ್ಳಬೇಕು. ನಮ್ಮ ಹಳೆಯ ಜಮೀನು ಪತ್ರಗಳ ಚಕ್ಕುಬಂದಿಯನ್ನು ಓದಿದವರಿಗೆ ಇದು ಹೊಸದೇನೂ ಅಲ್ಲ, ನನಗೂ ಅಷ್ಟರ ಮಟ್ಟಿಗೆ ಧೈರ್ಯವಿತ್ತು.

ಅಕ್ಷರದ ಮುಂದೆ ಆ ಧೈರ್ಯ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೂ ಜರ್ಮನರು ಕೈಬರಹಕ್ಕೆ ಬಳಸುತ್ತಿದ್ದದ್ದು ಕುರೆಂಟ್ ಎಂಬ ಬೇರೆಯೇ ಬಗೆಯ ಮೋಡಿ ಅಕ್ಷರ. 1941ರಲ್ಲಿ ಶಾಲೆಗಳಿಂದ ಅದನ್ನು ಕೈಬಿಟ್ಟ ಮೇಲೆ ಇಂದಿನ ಜರ್ಮನರಲ್ಲೂ ಬಹುಪಾಲು ಜನಕ್ಕೆ ತಮ್ಮ ಮುತ್ತಜ್ಜಿಯ ಪತ್ರವನ್ನು ಓದಲು ಬರುವುದಿಲ್ಲ. ಅದರಲ್ಲಿ ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ, ‘ಎನ್’ ಅಕ್ಷರವೂ ‘ಯು’ ಅಕ್ಷರವೂ ಒಂದೇ, ‘ಯು’ದ ತಲೆಯ ಮೇಲೊಂದು ಕೊಕ್ಕೆ ಇದ್ದರೆ ಅದೊಂದೇ ವ್ಯತ್ಯಾಸ. ಅವಸರದಲ್ಲಿ ಬರೆದ ಗುಮಾಸ್ತ ಕೊಕ್ಕೆಯನ್ನು ಮರೆತಿದ್ದರೆ ಸಾಲು ಪೂರ್ತಿ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಹೋಗುತ್ತದೆ, ಅಷ್ಟೇ. ಶೃಂಗೇರಿ ಮಠದ ಕಡತಗಳ ಮೋಡಿ ಅಕ್ಷರವನ್ನು ಓದಬಲ್ಲವರು ಈಗ ಬೆರಳೆಣಿಕೆಯಷ್ಟು ಎಂದು ಕೇಳಿದ್ದೆ. ಅವರ ಕಷ್ಟ ಏನೆಂಬುದು ಇಲ್ಲಿ ಅರ್ಥವಾಯಿತು. ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಒಂದು ಚಳಿಗಾಲವಿಡೀ ಪ್ರತಿ ಸೋಮವಾರ ಸಂಜೆ ಆ ಅಕ್ಷರವನ್ನು ತಿದ್ದಿದೆ. ನನ್ನ ವಾರದ ರಜೆಯ ದಿನ ಅದೊಂದೇ.

ಅಷ್ಟು ಕಲಿತೂ ಒಂದು ದೊಡ್ಡ ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ಹದಿನೇಳನೆಯ ಶತಮಾನದ ತೆರಿಗೆ ಪುಸ್ತಕವೊಂದರಲ್ಲಿ ನಮ್ಮ ಮನೆಯ ಚಕ್ಕುಬಂದಿ ಸಿಕ್ಕಿತು. ತೆರಿಗೆ ಕಟ್ಟಿದವರ ಹೆಸರಿನ ಜೊತೆ ‘ವಿಟ್ಟಿಬ್’ ಎಂದಿತ್ತು. ಮನೆತನದ ಹೆಸರು ಸಿಕ್ಕಿತೆಂದು ನಾನು ಸಂತೋಷಪಟ್ಟು, ಎರಡು ವಾರ ಆ ಮನೆತನವನ್ನೇ ಬೆನ್ನಟ್ಟಿದೆ. ವಿಚಿತ್ರವೆಂದರೆ ವಿಟ್ಟಿಬ್ ಮನೆತನದವರು ಊರಿನ ಎಲ್ಲ ಓಣಿಯಲ್ಲೂ ಇದ್ದರು, ಕಮ್ಮಾರರಲ್ಲೂ ಇದ್ದರು, ಮಾಂಸ ಮಾರುವವರಲ್ಲೂ ಇದ್ದರು. ನನ್ನ ಪಟ್ಟಿಯನ್ನು ನೋಡಿದ ಪತ್ರಾಗಾರದವರು ಮೆಲ್ಲಗೆ ಹೇಳಿದರು: “ಅದು ಹೆಸರಲ್ಲ. ವಿಧವೆ ಎನ್ನುವುದಕ್ಕೆ ಹಳೆಯ ಪದ.”

ಆ ದಿನದಿಂದ ನನ್ನ ಹುಡುಕಾಟದ ದಾರಿ ಬದಲಾಯಿತು. ಊಟದ ಕೋಣೆಯ ಗೋಡೆಯ ಮೇಲೆ ಕಟ್ಟು ಹಾಕಿದ ವಂಶವೃಕ್ಷವೊಂದಿತ್ತು, ಅದರಲ್ಲಿದ್ದವರೆಲ್ಲ ಗಂಡಸರು. ಕಾಗದಗಳಲ್ಲಿ ಹುಡುಕಿದಾಗ ಸಿಕ್ಕಿದ್ದು ಹೆಂಗಸರು. ಹಿಂದಿನ ನಗರಗಳಲ್ಲಿ ಕಸುಬಿನ ಸಂಘಗಳು ಹೆಂಗಸರನ್ನು ಸ್ವತಂತ್ರ ಸದಸ್ಯರೆಂದು ಒಪ್ಪುತ್ತಿದ್ದದ್ದು ಅಪರೂಪ, ಆದರೆ ಗಂಡ ಸತ್ತರೆ ಅವನ ಕಸುಬನ್ನು ಹೆಂಡತಿ ಮುಂದುವರಿಸಲು ಎಡೆ ಕೊಡುತ್ತಿದ್ದವು, ಅನೇಕ ಕಡೆ ಒಂದು ಅವಧಿಯವರೆಗೆ ಮಾತ್ರ. ಆ ಅವಧಿಯೊಳಗೆ ಅದೇ ಕಸುಬಿನವನೊಬ್ಬನನ್ನು ಮದುವೆಯಾದರೆ ಕಸುಬು ಮನೆಯಲ್ಲೇ ಉಳಿಯುತ್ತದೆ. ಛತ್ರದ ಕೆಲಸದಲ್ಲಿ ಇದು ಇನ್ನೂ ಮುಖ್ಯ. ಬಾಗಿಲಿಗೆ ಫಲಕ ತೂಗುಹಾಕಿ ಪರಸ್ಥಳದವರಿಗೆ ಹಾಸಿಗೆ, ಬಿಸಿ ಊಟ, ಕುದುರೆಗೆ ಲಾಯ ಕೊಡುವ ಹಕ್ಕು ಎಲ್ಲರಿಗೂ ಇರಲಿಲ್ಲ; ಬರೀ ವೈನು ಮಾರುವವನು ಬೇರೆ, ಫಲಕದ ಹಕ್ಕಿನವನು ಬೇರೆ. ಆ ಹಕ್ಕು ಬಹಳ ಕಡೆ ಮನೆಗೇ ಅಂಟಿಕೊಂಡಿರುತ್ತಿತ್ತು. ಆದ್ದರಿಂದ ಮನೆ ಯಾರ ಕೈಯಲ್ಲೋ ಛತ್ರವೂ ಅವರ ಕೈಯಲ್ಲೇ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದಾಗ ನನಗೆ ಬೇಕಾದ ಆಧಾರ ಕೈಗೆ ಸಿಕ್ಕಿತು. ಬವೇರಿಯಾದಲ್ಲಿ ಆ ಶತಮಾನದ ಆರಂಭದಲ್ಲಿ ರಾಜ್ಯದ ನೆಲವನ್ನೆಲ್ಲ ಅಳೆದು ತೆರಿಗೆಗಾಗಿ ದಾಖಲೆ ಮಾಡಿದರು. ನಮ್ಮ ಪಹಣಿಗೆ ಹೋಲಿಸಬಹುದಾದ ಆ ಪುಸ್ತಕಗಳಲ್ಲಿ ಮನೆಯ ಪ್ರತಿ ಕೈಬದಲಾವಣೆಗೂ ಕಾರಣ ಬರೆದಿರುತ್ತಾರೆ. ಈಚಿನ ದಾಖಲೆ ನ್ಯಾಯಾಲಯದ ಭೂನೋಂದಣಿ ಪುಸ್ತಕದಲ್ಲಿದೆ. ಅದನ್ನು ನೋಡಲು ಸಕಾರಣ ಬೇಕು, ಯಜಮಾನತಿಯ ಅಧಿಕಾರ ಪತ್ರವನ್ನು ತೋರಿಸಿ ನೋಡಿದೆ. ಎರಡನ್ನೂ ವಿವಾಹದ ಕರಾರಿನ ಜೊತೆ ಇಟ್ಟು ಓದಿದಾಗ ಕಥೆ ಹೀಗಿತ್ತು: ರೈಲು ಬಂದ ಕೆಲವೇ ವರ್ಷಗಳಲ್ಲಿ ಛತ್ರದ ಯಜಮಾನ ತೀರಿಹೋಗುತ್ತಾನೆ. ಮೂರು ಮಕ್ಕಳ ತಾಯಿಯಾದ ಹೆಂಡತಿ ಅದನ್ನು ನಾಲ್ಕು ವರ್ಷ ಒಬ್ಬಳೇ ನಡೆಸುತ್ತಾಳೆ, ಲಾಯವನ್ನು ಒಡೆದು ಆರು ಕೋಣೆ ಕಟ್ಟಲು ತನ್ನ ಹೆಸರಿನಲ್ಲೇ ಅಡಮಾನ ಸಾಲ ತೆಗೆಯುತ್ತಾಳೆ, ಆಮೇಲೆ ಪಕ್ಕದ ಹಳ್ಳಿಯಿಂದ ಕೆಲಸಕ್ಕೆ ಬಂದಿದ್ದ ಬೇಕರಿಯ ಆಳನ್ನು ಮದುವೆಯಾಗುತ್ತಾಳೆ. ನಮ್ಮ ಪರಿಚಯ ಪುಟದ ಸ್ಥಾಪಕರು ಇವರೇ. ಅವರು ಮನೆಯನ್ನು ಕೊಂಡಿರಲಿಲ್ಲ, ಮನೆಗೆ ಮದುವೆಯಾಗಿ ಬಂದಿದ್ದರು. ಕರಾರಿನ ಕೊನೆಯಲ್ಲಿ ಆಕೆಯ ಸಹಿ ಇದೆ. ಬಲಗೈ ಒತ್ತಿ ಬರೆದಂತೆ ದಪ್ಪ ಅಕ್ಷರ, ಕೊನೆಯ ಗೆರೆಯಲ್ಲಿ ಶಾಯಿ ಕಾಗದದ ಹಿಂಬದಿಗೂ ಇಳಿದಿದೆ. ಆ ಪುಟದ ಚಿತ್ರವನ್ನು ನಾನು ಯಜಮಾನತಿಗೆ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. “ನನ್ನ ಗಂಡ ತೀರಿಹೋದ ವರ್ಷ ನಾನೂ ಇದೇ ಮೇಜಿನಲ್ಲಿ ಕೂತು ಬ್ಯಾಂಕಿನ ಸಾಲಕ್ಕೆ ಸಹಿ ಹಾಕಿದೆ. ಈ ಮನೆಯಲ್ಲಿ ನಾನೇ ಮೊದಲನೆಯವಳೆಂದುಕೊಂಡಿದ್ದೆ” ಎಂದರು.

ಫಲಕದ ವಿಷಯ ಇತ್ಯರ್ಥವಾದದ್ದು ಆ ಕಾಲದ ಬಿಲ್ಲುಗಳ ಕಟ್ಟಿನಿಂದ. ಊರಿನ ನಾಟಕಕ್ಕೆ ಜನ ಸೇರತೊಡಗಿದ ದಶಕದಲ್ಲಿ ಹೊಸ ಫಲಕ ಮಾಡಿಸಿ ಇಸವಿ ಬರೆಸಿದ ಬಣ್ಣಗಾರನ ಬಿಲ್ಲು ಅದರಲ್ಲಿತ್ತು. ಆ ಇಸವಿಯ ದಾಖಲೆಯೂ ಪತ್ರಾಗಾರದಲ್ಲಿ ಸಿಕ್ಕಿತು. ಅದು ಹೇಳುವುದು ಬೇರೆ ಓಣಿಯ ಇನ್ನೊಂದು ಛತ್ರದ ಮಾತನ್ನು. ಯಾರೂ ಮೋಸ ಮಾಡಲೆಂದು ಹಾಗೆ ಬರೆಸಿರಲಾರರೆಂದು ನನ್ನ ಅಭಿಪ್ರಾಯ. ಹೆಸರು ಒಂದೇ ಆದ್ದರಿಂದ ನಮ್ಮದೇ ಎಂದುಕೊಂಡಿರಬೇಕು.

ಎರಡನೆಯ ವರ್ಷದಲ್ಲಿ ಮಾಡಿದ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಹಳೆಯ ಪರಿಚಯ ಪುಟದಲ್ಲಿ ಬೇಕರಿಯವರ ಕಾಲದಿಂದ 1945ಕ್ಕೆ ಒಂದೇ ನೆಗೆತವಿತ್ತು ಎಂದೆನಲ್ಲ, ನಡುವೆ ಬರುವ ನಾಜಿ ಆಡಳಿತದ ಹನ್ನೆರಡು ವರ್ಷದ ಅತಿಥಿ ಪುಸ್ತಕಗಳು ಮೇಲಿನ ಕಪಾಟಿನಲ್ಲಿಯೇ ಇದ್ದವು. ಚರ್ಮದ ಹೊದಿಕೆ, ದಪ್ಪ ಹಾಳೆ, ಬಂದು ಹೋದವರ ಸಹಿ, ಎರಡು ಸಾಲು ಮೆಚ್ಚುಗೆ, ಅಲ್ಲಲ್ಲಿ ಪೆನ್ಸಿಲಿನ ಗೋಪುರ. 1933ರ ನಂತರದ ಪುಸ್ತಕವನ್ನು ತೆರೆದಾಗ ಹೊಲಿಗೆಯ ಹತ್ತಿರ ಬೆರಳಿಗೆ ಏನೋ ತಾಕಿತು. ಬ್ಲೇಡಿನಿಂದ ನೇರವಾಗಿ ಕತ್ತರಿಸಿ ತೆಗೆದ ಹಾಳೆಗಳ ಬುಡಗಳು. ಉಗುರಿನಷ್ಟು ಅಗಲದ ನಾಲ್ಕು ಪಟ್ಟಿಗಳು ಹೊಲಿಗೆಯಲ್ಲಿ ಉಳಿದಿದ್ದವು. ಅವುಗಳಲ್ಲೊಂದರ ಅಂಚಿನಲ್ಲಿ ಯಾರದೋ ಸಹಿಯ ಮೊದಲ ಗೆರೆ ಮಾತ್ರ ಇತ್ತು.

ನಾಜಿಗಳ ಕಾಲದಲ್ಲಿ ರೋಥೆನ್‌ಬುರ್ಗ್ ‘ಅಪ್ಪಟ ಜರ್ಮನ್ ಊರು’ ಎಂದು ಹೊಗಳಿಸಿಕೊಂಡ ಜಾಗ. ಕಾರ್ಮಿಕರಿಗೆ ಅಗ್ಗದ ಪ್ರವಾಸ ಏರ್ಪಡಿಸುತ್ತಿದ್ದ ಸರ್ಕಾರಿ ಸಂಘಟನೆ ವಿಶೇಷ ರೈಲುಗಳಲ್ಲಿ ಜನರನ್ನು ಇಲ್ಲಿಗೆ ತಂದಿಳಿಸುತ್ತಿತ್ತು, ಹೋಟೆಲುಗಳು ತುಂಬಿದವು, ನಮ್ಮದೂ ತುಂಬಿತು. 1937ರಲ್ಲಿ ಊರ ಬಾಗಿಲುಗಳಲ್ಲಿ ಯಹೂದಿಗಳನ್ನು ಹೀಯಾಳಿಸುವ ಫಲಕಗಳನ್ನು ತೂಗುಹಾಕಿದರು. 1938ರ ಅಕ್ಟೋಬರ್ 22ರಂದು ಊರಿನಲ್ಲಿ ಉಳಿದಿದ್ದ ಕೊನೆಯ ಯಹೂದಿಗಳನ್ನು ಹೊರಗಟ್ಟಿದರು. ದೇಶದಾದ್ಯಂತ ಯಹೂದಿ ಮಂದಿರಗಳಿಗೆ ಬೆಂಕಿಯಿಟ್ಟ ನವೆಂಬರಿನ ರಾತ್ರಿಗೂ ಎರಡು ವಾರ ಮೊದಲೇ. ಹದಿಮೂರನೆಯ ಶತಮಾನದಲ್ಲಿ ರಬ್ಬಿ (ಯಹೂದಿ ಧರ್ಮಗುರು) ಮೇಯಿರ್ ಎಂಬ ದೊಡ್ಡ ವಿದ್ವಾಂಸರು ಇದ್ದು, ದೂರದೂರದಿಂದ ಶಿಷ್ಯರು ಅವರನ್ನು ಅರಸಿ ಬರುತ್ತಿದ್ದ ಊರು ಇದೇ. ಇದನ್ನೆಲ್ಲ ನಾನು ಅತಿಥಿಗಳಿಗೆ ಒಂದು ದಿನವೂ ಹೇಳಿರಲಿಲ್ಲ.

ಕತ್ತರಿಸಿದ ಹಾಳೆಗಳನ್ನು ತೋರಿಸಿ, “ಇದನ್ನು ಹುಡುಕಲೇ, ಬಿಡಲೇ?” ಎಂದು ಯಜಮಾನತಿಯನ್ನು ಕೇಳಿದೆ. ನಾನು ಕೆಲಸಕ್ಕಿರುವವಳು, ಹೊರದೇಶದವಳು. ಆ ಪ್ರಶ್ನೆಯನ್ನು ಕೇಳುವಾಗ ನನ್ನ ಗಂಟಲು ಒಣಗಿತ್ತು. ಅವರು, “ನನ್ನ ಅಜ್ಜ. ಹುಡುಕಿ” ಎಂದಷ್ಟೇ ಹೇಳಿ ನ್ಯೂರೆನ್‌ಬರ್ಗ್‌ನ ರಾಜ್ಯ ಪತ್ರಾಗಾರಕ್ಕೆ ಒಪ್ಪಿಗೆ ಪತ್ರ ಬರೆದುಕೊಟ್ಟರು. ಯುದ್ಧ ಮುಗಿದ ಮೇಲೆ, 1946ರ ಕಾನೂನಿನಂತೆ, ನಾಜಿ ಆಡಳಿತದಲ್ಲಿ ಯಾರು ಎಷ್ಟು ಪಾಲುಗೊಂಡಿದ್ದರೆಂದು ತೀರ್ಮಾನಿಸಲು ಸ್ಥಳೀಯ ಮಂಡಳಿಗಳಿದ್ದವು. ಮುಖ್ಯ ಅಪರಾಧಿಯಿಂದ ಹಿಡಿದು ನಿರ್ದೋಷಿಯವರೆಗೆ ಐದು ವರ್ಗ. ಅಜ್ಜನ ಕಡತ ತೆಳ್ಳಗಿತ್ತು. ಪಕ್ಷದ ಸದಸ್ಯ, ಸಭೆಗಳಿಗೆ ಊಟದ ಕೋಣೆ ಕೊಟ್ಟವರು, ನೆರೆಯವರ ಶಿಫಾರಸು ಪತ್ರ ಮೂರು, ತೀರ್ಪು ನಾಲ್ಕನೆಯ ವರ್ಗ, ಅಂದರೆ ಪ್ರವಾಹದೊಡನೆ ಹೋದವರು. ದಂಡ ಕಟ್ಟಿ ಬಿಡುಗಡೆ. ಹಾಳೆಗಳಲ್ಲಿ ಯಾರ ಸಹಿ ಇತ್ತು, ಕತ್ತರಿಸಿದವರು ಯಾರು ಎಂಬುದಕ್ಕೆ ಉತ್ತರ ಎಲ್ಲೂ ಸಿಗಲಿಲ್ಲ. ಸಂಜೆ ಆನ್ಸ್‌ಬಾಖ್‌ನಲ್ಲೊಮ್ಮೆ, ಸ್ಟೈನಾಖ್‌ನಲ್ಲೊಮ್ಮೆ ರೈಲು ಬದಲಾಯಿಸಿ ಮರಳುವಾಗ, ಆ ಮೂರು ಶಿಫಾರಸು ಪತ್ರಗಳ ಮಾತುಗಳು ಒಂದೇ ರೀತಿ ಇದ್ದದ್ದು ನನ್ನ ತಲೆಯಿಂದ ಹೋಗಲಿಲ್ಲ.

1945ರ ಮಾರ್ಚ್ 31ರ ಕಥೆಯನ್ನು ಕಾಗದದಿಂದ ತೆಗೆಯಬೇಕಾಗಲಿಲ್ಲ, ಓಮಾ ಇದ್ದರು. ಅದು ಈಸ್ಟರ್ ಹಬ್ಬದ ಹಿಂದಿನ ಶನಿವಾರ. ಅವರಿಗೆ ಆಗ ಒಂಬತ್ತು ವರ್ಷ. ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಬಣ್ಣ ಕಟ್ಟಿದ ಮೊಟ್ಟೆಗಳು ಅಡುಗೆಮನೆಯ ಮೇಜಿನ ಮೇಲೆ ಬುಟ್ಟಿಯಲ್ಲಿದ್ದವು. ಸೈರನ್ ಕೂಗಿದಾಗ ಅವರ ಅಜ್ಜಿ ಮೊದಲು ಮಕ್ಕಳನ್ನು, ಆಮೇಲೆ ಮನೆಪತ್ರಗಳ ತಗಡಿನ ಪೆಟ್ಟಿಗೆಯನ್ನು ನೆಲಮಾಳಿಗೆಗೆ ಇಳಿಸಿದರು, ಮೊಟ್ಟೆಯ ಬುಟ್ಟಿ ಮೇಲೆಯೇ ಉಳಿಯಿತು. ಊರಿನ ಪೂರ್ವ ಭಾಗವೆಲ್ಲ ಹೊತ್ತಿ ಉರಿಯಿತು. ಸುಮಾರು 40 ಜನ ಸತ್ತರು, 300ಕ್ಕೂ ಹೆಚ್ಚು ಮನೆಗಳು ನೆಲಸಮವಾದವು, ಕೋಟೆಗೋಡೆಯ ನೂರಾರು ಮೀಟರ್ ಬಿತ್ತು. ನಮ್ಮ ಹೋಟೆಲಿನ ಹಿಂಭಾಗ ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಮುಂಭಾಗ ಉಳಿದದ್ದು ನಡುವೆ ಬೆಂಕಿ ತಡೆಯಲೆಂದೇ ಕಟ್ಟಿದ್ದ ದಪ್ಪ ಕಲ್ಲಿನ ಗೋಡೆಯಿಂದ, ಮತ್ತು ರಾತ್ರಿಯೆಲ್ಲ ಅದರ ಮೇಲೆ ನೀರು ಎರಚಿದವರಿಂದ. “ಬಕೆಟ್ ಹಿಡಿದ ಸಾಲಿನಲ್ಲಿ ನನಗೆ ಗೊತ್ತಿದ್ದವರೆಲ್ಲ ಹೆಂಗಸರೇ. ಗಂಡಸರು ಎಲ್ಲಿದ್ದರು? ಯುದ್ಧದಲ್ಲಿ” ಎಂದರು ಓಮಾ. ಬೆಳಿಗ್ಗೆ ಅವರು ಮೊಟ್ಟೆ ಹುಡುಕಲು ಹೋದರಂತೆ. ಬುಟ್ಟಿ ಇದ್ದ ಕಡೆ ಆಕಾಶ ಕಾಣುತ್ತಿತ್ತಂತೆ.

ಉಳಿದ ಊರಿನ ಮೇಲೆ ಫಿರಂಗಿ ಹಾರದಂತೆ ತಡೆದವರಲ್ಲಿ ಅಮೆರಿಕದ ಯುದ್ಧ ಖಾತೆಯ ಜಾನ್ ಮೆಕ್‌ಲಾಯ್ ಅವರ ಹೆಸರು ಮುಖ್ಯವಾದದ್ದು. ಅವರ ತಾಯಿ ಹಿಂದೆ ಈ ಊರಿಗೆ ಬಂದು ಹೋಗಿದ್ದರು. ಏಪ್ರಿಲ್ 17ರಂದು ಊರು ಶರಣಾಯಿತು. ಬಿದ್ದ ಗೋಡೆಯನ್ನು ದೇಶವಿದೇಶದವರು ಮೀಟರಿಗೆ ಇಷ್ಟೆಂದು ಕೊಟ್ಟ ದುಡ್ಡಿನಿಂದ ಕಟ್ಟಿದರು. ಕೊಟ್ಟವರ ಹೆಸರಿನ ಕಲ್ಲುಗಳು ಗೋಡೆಯ ಒಳಮೈಯಲ್ಲಿವೆ, ಅವುಗಳಲ್ಲಿ ಜಪಾನಿನ ಹೆಸರುಗಳೂ ಬಹಳ. ಮನೆಗಳನ್ನು ಹಳೆಯ ಅಡಿಪಾಯದ ಮೇಲೆ, ಹಳೆಯ ಓಣಿಯ ಡೊಂಕನ್ನು ಬಿಡದೆ, ಕಡಿದಾದ ಛಾವಣಿಯಿಟ್ಟು ಆದರೆ ಅಲಂಕಾರ ಕಡಿಮೆ ಮಾಡಿ ಕಟ್ಟಿದರು. 1950ರಲ್ಲಿ ರೊಮಾಂಟಿಕ್ ರಸ್ತೆ ಎಂಬ ಪ್ರವಾಸಿ ಮಾರ್ಗ ಘೋಷಣೆಯಾಗಿ ಬಸ್ಸುಗಳು ಬರತೊಡಗಿದವು, ನಮ್ಮ ಹಿಂಭಾಗವೂ ಆಗಲೇ ಎದ್ದಿತು. ನಮ್ಮ ಊಟದ ಕೋಣೆ ಇರುವುದು ಅಲ್ಲಿ. ಅದರ ಕಪ್ಪು ಮರದ ಹಲಗೆಗಳನ್ನು ತೋರಿಸಿ ಒಂಬತ್ತು ವರ್ಷ ನಾನು ‘ಮಧ್ಯಯುಗದ ಕೋಣೆ’ ಎಂದಿದ್ದೇನೆ. ಆ ಹಲಗೆಗಳನ್ನು ಕೂರಿಸಿದ ಬಡಗಿಗೆ ಹಣದ ಜೊತೆ ಒಂದು ವರ್ಷದ ಭಾನುವಾರದ ಊಟವನ್ನೂ ಕೊಟ್ಟದ್ದು ಅಡುಗೆಮನೆಯ ಲೆಕ್ಕದ ಪುಸ್ತಕದಲ್ಲಿದೆ. ಅದರ ಹಳೆಯ ಅಕ್ಷರವನ್ನು ಓಮಾ ನನಗೆ ಗಟ್ಟಿಯಾಗಿ ಓದಿ ಹೇಳಿದರು. ನನ್ನ ದೃಷ್ಟಿಯಲ್ಲಿ ಆ ಕೋಣೆಯ ಬೆಲೆ ಇದರಿಂದ ಹೆಚ್ಚಿತು.

ಬರೆದು ಮುಗಿಸಿದ ಮೇಲೆ ಕುಟುಂಬದಲ್ಲಿ ಚರ್ಚೆಯಾಯಿತು. ಫಲಕದ ಇಸವಿ ತಪ್ಪೆಂದು ನಾವೇ ಹೇಳಿದರೆ ಬರುವವರು ಹಳೆಯದೆಂದು ಬೇರೆ ಮನೆಗೆ ಹೋಗುವುದಿಲ್ಲವೇ ಎಂಬುದು ಮಗನ ಆತಂಕ. ರಜೆಗೆಂದು ಬಂದವರಿಗೆ ಅಜ್ಜನ ಕಡತ ಏಕೆ ಎಂದೂ ಅವರು ಕೇಳಿದರು. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಹೋಟೆಲನ್ನು ನಾಳೆ ನಡೆಸಬೇಕಾದವರು ಅವರೇ. ಆದರೆ ಹಣ ಕೊಟ್ಟು ಒಂದು ರಾತ್ರಿ ತಂಗುವವರಿಗೆ ನಾವು ಮಾರುತ್ತಿರುವುದೇ ಮನೆಯ ವಯಸ್ಸು. ಆ ವಯಸ್ಸು ಸರಿಯಾಗಿರಬೇಕೆಂದು ನಾನು ಹೇಳಿದೆ. ಯಜಮಾನತಿ ಎಲ್ಲವನ್ನೂ ಅಚ್ಚು ಹಾಕಿಸಿ ಎಂದರು. ಕತ್ತರಿಸಿದ ನಾಲ್ಕು ಹಾಳೆಗಳ ಬುಡದ ಚಿತ್ರವೂ ಪುಸ್ತಿಕೆಯಲ್ಲಿ ಒಂದು ಪೂರ್ತಿ ಪುಟದಲ್ಲಿದೆ. ಫಲಕವನ್ನು ಬದಲಿಸಲಿಲ್ಲ, ನೂರು ವರ್ಷಕ್ಕೂ ಮೀರಿದ ಆ ಕಮ್ಮಾರಿಕೆ ಈಗ ಸ್ವತಃ ಸಂರಕ್ಷಿತ ವಸ್ತು. ಅದರ ಕೆಳಗೆ ಬಾಗಿಲ ಪಕ್ಕದಲ್ಲಿ, ಛಾವಣಿಯ ಮರದ ಕಾಲ, ಬೆಂಕಿಯ ದಿನ, ಹಿಂಭಾಗವನ್ನು ಮತ್ತೆ ಕಟ್ಟಿದ ವರ್ಷ ಬರೆದ ಒಂದು ಸಣ್ಣ ಹಿತ್ತಾಳೆ ತಗಡನ್ನು ಕೂರಿಸಿದೆವು.

ಹಳೆಯ ವಂಶವೃಕ್ಷವನ್ನು ಓಮಾ ಗೋಡೆಯಿಂದ ಇಳಿಸಿದರು, ಹೊಸದರಲ್ಲಿ ಬುಡದ ಹೆಸರು ಆ ವಿಧವೆಯದು. ಪುಸ್ತಿಕೆಯ ಒಂದು ಪ್ರತಿಯನ್ನು ಊರಿನ ಪತ್ರಾಗಾರಕ್ಕೆ ನಾನೇ ಒಯ್ದೆ. ವಿಟ್ಟಿಬ್ ಎಂದರೆ ಏನೆಂದು ಹೇಳಿಕೊಟ್ಟವರೇ ಅಂದೂ ಮೇಜಿನಲ್ಲಿದ್ದರು. ಪುಟ ತಿರುವಿ, ಮೊಹರು ಒತ್ತಿ, ನಮ್ಮ ಮನೆಯ ಹಳೆಯ ನಂಬರನ್ನು ಪೆನ್ಸಿಲಿನಲ್ಲಿ ಮೂಲೆಗೆ ಬರೆದು, ಅದೇ ನಂಬರಿನ ಕ್ರಯಪತ್ರಗಳಿದ್ದ ಪೆಟ್ಟಿಗೆಯಲ್ಲಿಟ್ಟರು.